ಬ್ರಷ್ ಬಿಟ್ಟು ವ್ರತ ಹಿಡಿದ ಪಟ್ಟಾಭಿರಾಮ

ಅಹಮದಾಬಾದ್, ವಡೋದರಾ, ಸೂರತ್, ಈ ಮೂರೂರಿನ ಕನ್ನಡದ ಮನೆಗಳಲ್ಲಿ ಸತ್ಯನಾರಾಯಣ ಪೂಜೆ ಅಂತ ಆದರೆ ಮಣೆಯ ಮೇಲೆ ಕೂರುವವನು ಪಟ್ಟಾಭಿರಾಮನೇ. ಬ್ಯಾಂಕಿನವರಿರಲಿ, ವಿಮೆಯವರಿರಲಿ, ಉಪಗ್ರಹ ಕಟ್ಟುವ ದೊಡ್ಡ ದೊಡ್ಡ ವಿಜ್ಞಾನಿಗಳಿರಲಿ, ಹೊಸ ಫ್ಲ್ಯಾಟಿನ ಬೀಗದಕೈ ಸಿಕ್ಕ ಕೂಡಲೇ ಮೊದಲು ಫೋನು ಹೋಗುವುದು ಅವನಿಗೆ. ಹಾಗಂತ ಅವನೇನು ಪುರೋಹಿತನಲ್ಲ. ಹಾಸನದ ಪೋಸ್ಟ್‌ಮಾಸ್ತರರ ಮಗ, ಡಿಪ್ಲೊಮಾ ಓದಿ ರೈಲ್ವೆಯ ಸಿಗ್ನಲ್ ವಿಭಾಗ ಸೇರಿದವನು. ಅಹಮದಾಬಾದಿಗೆ ಬಂದ ಹೊಸದರಲ್ಲಿ ಒಂದು ಸಲ ಕನ್ನಡ ಸಂಘದ ಪೂಜೆಗೆ ಬರಬೇಕಿದ್ದ ಭಟ್ಟರು ಕೈಕೊಟ್ಟರು. ನೈವೇದ್ಯದ ಸಜ್ಜಿಗೆ ಆರುತ್ತಿತ್ತು, ಮಕ್ಕಳು ಹಸಿವಿಗೆ ರಂಪ ಮಾಡುತ್ತಿದ್ದವು, ಯಾರೋ ಹಿರಿಯರು ಇವನ ಜನಿವಾರ ನೋಡಿ ಕೈಗೆ ಪುಸ್ತಕ ಕೊಟ್ಟು ಕೂರಿಸಿಬಿಟ್ಟರು. ಕಂಠ ಗಂಟೆಯಂಥದ್ದು. ಕಥೆಯಲ್ಲಿ ಹಡಗು ಮುಳುಗುವ ಜಾಗ ಬಂದಾಗ ಹೆಂಗಸರು ಕಣ್ಣೊರೆಸಿಕೊಂಡರು. ಆವತ್ತು ಹತ್ತಿದ ಮಣೆಯಿಂದ ಅವನನ್ನು ಮತ್ತೆ ಯಾರೂ ಇಳಿಯಗೊಡಲಿಲ್ಲ.

ದಕ್ಷಿಣೆ ಮುಟ್ಟುವವನಲ್ಲ. ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು, ಅಷ್ಟೇ. ಅವನಿಗಿದ್ದ ಆಸೆ ಇನ್ನೊಂದು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೇ ದೊಡ್ಡ ಸಂಬಳದವರೆಲ್ಲ ಎದ್ದು ನಿಂತು "ಬನ್ನಿ ಬನ್ನಿ" ಅನ್ನಬೇಕು, ಮಂಗಳಾರತಿಗೆ ಅವನು ಶಂಖ ಎತ್ತಿದರೆ ಕೋಣೆಯಲ್ಲಿ ಪಿಟ್ಟೆಂದು ಸದ್ದಿರಬಾರದು. ಆಫೀಸಿನಲ್ಲಿ ಮೇಲಿನವರಿಂದ ದಿನವೂ ಬೈಸಿಕೊಳ್ಳುವ ಮನುಷ್ಯನಿಗೆ ಅಷ್ಟು ಮರ್ಯಾದೆಯ ಆಸೆ ಇದ್ದರೆ ಯಾರ ಗಂಟೇನು ಹೋಯಿತು?

ಮನೆ ವಡೋದರಾದ ರೈಲ್ವೆ ಕಾಲೊನಿಯಲ್ಲಿ. ಕೆಲಸ ಮೊದಲು ಅಹಮದಾಬಾದಿನಲ್ಲಿತ್ತು, ಆಮೇಲೆ ವಡೋದರಾ, ಈಗ ಸೂರತ್. ಹೀಗೆ ಒಂದೂರಲ್ಲಿ ಮನೆ, ಇನ್ನೊಂದೂರಲ್ಲಿ ಕೆಲಸ ಇಟ್ಟುಕೊಂಡು ದಿನವೂ ರೈಲು ಹತ್ತುವುದಕ್ಕೆ ಗುಜರಾತಿನವರು ಅಪ್-ಡೌನ್ ಅನ್ನುತ್ತಾರೆ. ಪಟ್ಟಾಭಿರಾಮನೂ ಅಪ್-ಡೌನಿನವನೇ. ಬೆಳಿಗ್ಗೆ ಹೆಂಡತಿ ಗಿರಿಜಾ ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೋದರೆ ಕತ್ತಲಾದ ಮೇಲೆ ವಾಪಸ್ಸು. ಮಗಳು ಮಹಿಮಾ ಅಹಮದಾಬಾದಿನಲ್ಲಿ ಆರ್ಕಿಟೆಕ್ಚರ್ ಓದುತ್ತಾಳೆ, ಹಾಸ್ಟೆಲಿನಲ್ಲಿದ್ದಾಳೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ.

ಈಗ ಬಾಯಿಯ ವಿಷಯಕ್ಕೆ ಬರೋಣ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ನೊರೆ ಕೆಂಪಾಯಿತು. ಬೇರೆ ಯಾರೇ ಆಗಿದ್ದರೂ ಉಗಿದು ಸುಮ್ಮನಾಗುತ್ತಿದ್ದರು, ಇಲ್ಲವೇ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಪಟ್ಟಾಭಿರಾಮನಿಗೆ ಮೊದಲು ನೆನಪಾದದ್ದು ಪೂಜೆ. ಆವತ್ತು ಒಬ್ಬರ ಮನೆಯಲ್ಲಿ ಗೃಹಪ್ರವೇಶ. ಬಾಯಲ್ಲಿ ರಕ್ತ ಬಂದವನು ಪೂಜೆಗೆ ಕೂರುವ ಹಾಗಿಲ್ಲ, ಮೈಲಿಗೆ. ಅವನಜ್ಜಿ ಹಾಗೆ ಹೇಳಿದ್ದಳು. ಆಮೇಲೆ ಮಂತ್ರ ಹೇಳಿದರೂ ಒಂದೇ, ಬಿಟ್ಟರೂ ಒಂದೇ. ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಕೆಂಪು ನಿಂತ ಮೇಲೆ ಹೇಗೋ ಹೋಗಿ ಪೂಜೆ ಮುಗಿಸಿದ, ಆದರೆ ಮನಸ್ಸು ಒಪ್ಪಲಿಲ್ಲ. ಮರುದಿನವೂ ರಕ್ತ ಬಂತು. ಬ್ರಷ್ ಹಾಕಿದರೆ ರಕ್ತ, ಹಾಕದಿದ್ದರೆ ಇಲ್ಲ. ಸಿಗ್ನಲ್ ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಹುಡುಕಿ ಹುಡುಕಿ ಪಳಗಿದ ತಲೆ, ಕಾರಣ ಸಿಕ್ಕಿತು ಅಂತ ಹಿಗ್ಗಿತು. ಬ್ರಷ್ಷನ್ನು ಕಸದ ಬುಟ್ಟಿಗೆ ಹಾಕಿದ. ಅಂದಿನಿಂದ ತೋರುಬೆರಳಿಗೆ ಹಲ್ಲುಪುಡಿ ಅದ್ದಿ ಮುಂದಿನ ಹಲ್ಲುಗಳ ಮೇಲೆ ಎರಡು ಸಲ ಸವರುವುದು, ನೀರು ಹಾಕಿ ಹನ್ನೆರಡು ಸಲ ಮುಕ್ಕಳಿಸುವುದು, ಒಸಡಿನ ತಂಟೆಗೇ ಹೋಗದಿರುವುದು.

ನೋಡಿ, ಇದು ಆಚಾರ ಗೊತ್ತಿದ್ದವನೇ ಮಾಡುವ ತಪ್ಪು. ಗೊತ್ತಿಲ್ಲದವನಿಗೆ ಇಂಥ ಬುದ್ಧಿ ಓಡುವುದೇ ಇಲ್ಲ. ರಕ್ತ ಕಣ್ಣಿಗೆ ಕಾಣುವುದು ನಿಂತಿತು, ಪೂಜೆಗಳು ಸಾಂಗವಾಗಿ ನಡೆದವು. ಒಸಡು ಮಾತ್ರ ಒಳಗೊಳಗೇ ಊದಿಕೊಂಡು ಹಲ್ಲಿನಿಂದ ಬಿಡುತ್ತಾ ಬಂತು. ಒಂದು ಸಲ ವಡೋದರಾದಲ್ಲಿ ಹಲ್ಲಿನ ಡಾಕ್ಟರೊಬ್ಬರು ನೋಡಿ, ಇದನ್ನೆಲ್ಲ ಒಳಗಿನಿಂದ ಕೆರೆದು ಕ್ಲೀನು ಮಾಡಬೇಕು, ನಾಲ್ಕಾರು ಸಲ ಬನ್ನಿ ಅಂದರು. ಕೆರೆದರೆ ರಕ್ತ ಬರುತ್ತದಾ ಅಂತ ಇವನು ಕೇಳಿದ. ಬರದೆ ಇರುತ್ತದಾ ಅಂದರು ಅವರು. ಶ್ರಾವಣ ಕಳೆಯಲಿ ಅಂತ ಎದ್ದು ಬಂದ. ಶ್ರಾವಣ ಕಳೆಯುವಷ್ಟರಲ್ಲಿ ಸೂರತ್ತಿಗೆ ವರ್ಗವಾಯಿತು. ಆಮೇಲೆ ಬಾಯಲ್ಲಿ ಸದಾ ಒಂದು ಲವಂಗ. ಶರ್ಟಿನ ಜೇಬಿನ ಪುಟ್ಟ ಡಬ್ಬಿಗೆ ಲವಂಗ ತುಂಬಿಸಿಡುವುದು ಗಿರಿಜಾಳ ಕೆಲಸ. ಯಾಕೆ ಅಂತ ಅವಳು ಒಂದು ದಿನವೂ ಕೇಳಲಿಲ್ಲ.

ಇನ್ನು ಹೇಳಬೇಕಾದ್ದು ಸ್ವಲ್ಪ ಮುಜುಗರದ ಮಾತು. ಮುಜುಗರ ಅಂತಲೇ ಎಲ್ಲರೂ ನುಂಗಿಕೊಂಡು ಕೂತು ಎಷ್ಟು ಸಂಸಾರಗಳು ಒಣಗಿಹೋಗಿವೆಯೋ, ಆದ್ದರಿಂದ ಹೇಳಿಯೇ ಬಿಡುವುದು ಒಳ್ಳೆಯದು. ಪಟ್ಟಾಭಿರಾಮನಿಗೆ ನಲವತ್ತೇಳಾದಾಗ ಹಾಸಿಗೆಯಲ್ಲಿ ದೇಹ ಮಾತು ಕೇಳುವುದನ್ನು ನಿಲ್ಲಿಸಿತು. ಮನಸ್ಸಿತ್ತು, ಹೆಂಡತಿಯ ಮೇಲೆ ಪ್ರೀತಿಯಿತ್ತು, ಆಸೆಯೂ ಇತ್ತು. ಮೈ ಮಾತ್ರ ಎದ್ದು ನಿಲ್ಲಲಿಲ್ಲ. ಮೊದಲ ಸಲ ರೈಲಿನ ಸುಸ್ತು ಅಂದುಕೊಂಡ. ಎರಡನೆಯ ಸಲ ಸೆಖೆ ಅಂದುಕೊಂಡ. ಆಮೇಲೆ ಅಂದುಕೊಳ್ಳುವುದಕ್ಕೆ ಏನೂ ಉಳಿಯಲಿಲ್ಲ.

ಹಳಿಯ ಪಕ್ಕದ ಗೋಡೆಗಳ ಮೇಲೆ ಗುಪ್ತರೋಗ, ಮರ್ದಾನಾ ತಾಕತ್ತು ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅಪ್-ಡೌನಿನವರಿಗೆ ಅವೆಲ್ಲ ಬಾಯಿಪಾಠ. ಜೊತೆಯವರು ಅದನ್ನು ಗಟ್ಟಿಯಾಗಿ ಓದಿ ನಗುವಾಗ ಇವನೂ ನಗುತ್ತಿದ್ದ. ಈಗ ಆ ಗೋಡೆಗಳು ಬಂದಾಗ ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ಕೂರತೊಡಗಿದ. ಒಂದು ಸಂಜೆ ಸೂರತ್ತಿನ ಕತಾರ್‌ಗಾಮಿಗೆ ಹೋದ. ಅಲ್ಲಿ ವಜ್ರ ಉಜ್ಜುವ ಕಾರ್ಖಾನೆಗಳು ಬಿಡುವ ಹೊತ್ತು, ಆ ಜನಜಂಗುಳಿಯಲ್ಲಿ ತನ್ನ ಗುರುತಿನವರು ಯಾರೂ ಇರುವುದಿಲ್ಲ ಅನ್ನುವ ಧೈರ್ಯ. ಔಷಧದಂಗಡಿಯಲ್ಲಿ ತಗ್ಗಿದ ದನಿಯಲ್ಲಿ ನೀಲಿ ಮಾತ್ರೆ ಕೇಳಿ ತಂದ. ಅದು ಒಂದೆರಡು ಸಲ ಅರೆಬರೆ ಕೆಲಸ ಮಾಡಿತು, ಆಮೇಲೆ ತಲೆ ಸಿಡಿಯುವಷ್ಟು ನೋವು, ಎದೆ ಢವಢವ. ಹೆದರಿ ಬಿಟ್ಟ. ಇನ್ನೊಮ್ಮೆ ಸೋತರೆ ಅವಳ ಮುಖ ನೋಡುವುದು ಹೇಗೆ? ಈ ಭಯ ಒಂದು ಸಲ ಹೊಕ್ಕರೆ ಸೋಲಿಗೆ ಬೇರೆ ಕಾರಣವೇ ಬೇಡ.

ಆಗ ಅವನಿಗೆ ಹೊಳೆದದ್ದು ವ್ರತ. ಒಂದು ಏಕಾದಶಿಯ ಬೆಳಿಗ್ಗೆ ಮಡಿಯುಟ್ಟು ಬಂದು, ಕಣ್ಣಲ್ಲಿ ಕಣ್ಣಿಡದೆ, ತಾನು ಬ್ರಹ್ಮಚರ್ಯದ ವ್ರತ ಹಿಡಿದಿದ್ದೇನೆ, ಇನ್ನು ಮೇಲೆ ದೇವರ ಕೋಣೆಯಲ್ಲೇ ಚಾಪೆ ಹಾಕಿ ಮಲಗುತ್ತೇನೆ ಅಂತ ಗಿರಿಜಾಗೆ ಹೇಳಿದ. ಎಷ್ಟು ದಿನ ಅಂತ ಅವಳು ಕೇಳಿದಳು. ದೇವರ ಇಚ್ಛೆ ಅಂದ. ಅವಳ ಕೈಯಲ್ಲಿ ಸಾರಿನ ಸೌಟಿತ್ತು. ಅದನ್ನು ಪಾತ್ರೆಯಲ್ಲಿಟ್ಟು ಒಳಗೆ ಹೋದಳು. ಒಂದು ವಾರ ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತು, ಪಟ್ಟಾಭಿರಾಮ ಕಮಕ್ ಕಿಮಕ್ ಅನ್ನದೆ ಉಂಡ.

ಸುದ್ದಿ ಸಂಘಕ್ಕೆ ಹೇಗೆ ಮುಟ್ಟಿತೋ ದೇವರೇ ಬಲ್ಲ. ಇಂಥ ಸುದ್ದಿಗೆ ಪ್ರೇಮಮ್ಮನ ಮನೆಯೇ ಜಂಕ್ಷನ್. ಪ್ರೇಮಮ್ಮ ಸಂಘದ ಮಹಿಳಾ ವಿಭಾಗದ ಅಧ್ಯಕ್ಷೆ, ಗಂಡ ಬ್ಯಾಂಕಿನಿಂದ ನಿವೃತ್ತ. ಸಂಸಾರದಲ್ಲಿದ್ದೂ ಋಷಿಯ ಹಾಗೆ ಬಾಳುವವನು ಅಂತ ಪಟ್ಟಾಭಿರಾಮನನ್ನು ಅವಳು ಎಲ್ಲೆಡೆ ಹೊಗಳಿದಳು. ಜನ ಅವನ ಕಾಲಿಗೂ ಬೀಳತೊಡಗಿದರು. ಗಿರಿಜಾಳ ಕೈ ಹಿಡಿದು "ನೀನು ಪುಣ್ಯವಂತೆ ಕಣೇ" ಅಂದರು. ಪುಣ್ಯವಂತೆ ನಕ್ಕು ಕೋಸಂಬರಿ ಬಡಿಸಲು ಹೋದಳು. ಆ ವರ್ಷದಿಂದ ಅವಳು ಮಲ್ಲಿಗೆ ಮುಡಿಯುವುದನ್ನು ಬಿಟ್ಟಳು, ಕೇಳಿದವರಿಗೆ ಇಲ್ಲಿನ ಮಲ್ಲಿಗೆಗೆ ವಾಸನೆ ಸಾಲದು ಅನ್ನುತ್ತಿದ್ದಳು.

ಎರಡು ವರ್ಷ ಹೀಗೇ ನಡೆಯಿತು. ಈ ಸಲ ಆಷಾಢದಲ್ಲಿ ಗಿರಿಜಾ ಒಂದು ಮಾತು ತೆಗೆದಳು. ಮಹಿಮಾಳಿಗೆ ಹಾಸ್ಟೆಲ್ ಊಟ ಒಗ್ಗುತ್ತಿಲ್ಲ, ಅಹಮದಾಬಾದಿನಲ್ಲಿ ಎರಡು ಕೋಣೆಯ ಮನೆ ಹಿಡಿದು ತಾನು ಅಲ್ಲೇ ಇರುತ್ತೇನೆ, ದೀಪಾವಳಿ ಕಳೆದ ಮೇಲೆ ಹೋಗುವುದು. ನಿಮ್ಮ ವ್ರತಕ್ಕೂ ಅನುಕೂಲ ಅಂತ ಸೇರಿಸಿದಳು. ಮಗಳಿಗೆ ಹಾಸ್ಟೆಲ್ ಊಟ ಚೆನ್ನಾಗಿಯೇ ಒಗ್ಗಿತ್ತು. ಹೆಂಡತಿ ಬಿಟ್ಟು ಹೋಗುತ್ತಿದ್ದಾಳೆ, ಹೋದರೆ ತಿರುಗಿ ಬರುವುದಿಲ್ಲ ಅಂತ ಪಟ್ಟಾಭಿರಾಮನಿಗೆ ಗೊತ್ತಾಯಿತು. ತಡೆಯಬೇಕಾದರೆ ನಿಜ ಹೇಳಬೇಕು. ನಿಜ ಹೇಳುವುದಕ್ಕಿಂತ ಸಾಯುವುದು ಸುಲಭ ಅನ್ನಿಸಿತು. ನಿನ್ನಿಷ್ಟ ಅಂದುಬಿಟ್ಟ.

ಶ್ರಾವಣದ ಹುಣ್ಣಿಮೆ ಬಂತು. ಅಹಮದಾಬಾದಿನ ನವರಂಗಪುರದಲ್ಲಿ ಸಂಘದವರು ಬಾಡಿಗೆಗೆ ಹಿಡಿದ ಹಾಲಿನಲ್ಲಿ ಪೂಜೆ. ಜನ ಕಿಕ್ಕಿರಿದಿದ್ದರು. ಕಥೆ ಮುಗಿಯಿತು, ಮಂಗಳಾರತಿಯ ತಟ್ಟೆಯಲ್ಲಿ ಕರ್ಪೂರ ಹತ್ತಿತು, ಪಟ್ಟಾಭಿರಾಮ ಶಂಖವನ್ನು ತುಟಿಗಿಟ್ಟು ಎದೆ ತುಂಬ ಉಸಿರೆಳೆದು ಊದಿದ. ಕೆಳಗಿಳಿಸಿದಾಗ ಶಂಖದ ಬಾಯಿಂದ ಬಿಳಿಯ ಮೈಮೇಲೆ ಸಣ್ಣಗೆ ಒಂದು ಕೆಂಪು ಗೆರೆ ಇಳಿದಿತ್ತು. ನಾಲಿಗೆಯ ಮೇಲೆ ಉಪ್ಪುಪ್ಪು. ಎಲ್ಲರೂ ಕಣ್ಣುಮುಚ್ಚಿ ಕೈಮುಗಿದಿದ್ದರು, ಒಬ್ಬಳ ಹೊರತು. ಮುಂದಿನ ಸಾಲಿನಲ್ಲಿದ್ದ ಮನಸ್ವಿನಿ ಎದ್ದು ಬಂದು, ತಟ್ಟೆ ಸರಿಸುವವಳಂತೆ ಬಗ್ಗಿ, ತನ್ನ ದುಪಟ್ಟಾದ ತುದಿಯಿಂದ ಶಂಖವನ್ನು ಒರೆಸಿದಳು. ಆಮೇಲೆ ಅವನಿಗಷ್ಟೇ ಕೇಳುವ ಹಾಗೆ, "ಅಂಕಲ್, ಸೋಮವಾರ ನನ್ನ ಕ್ಲಿನಿಕ್ಕಿಗೆ ಬರ್ರಿ. ನಕ್ಕೀ ಬರಬೇಕು" ಅಂದಳು. ನಕ್ಕೀ ಅಂದರೆ ಇಲ್ಲಿ ಖಂಡಿತ ಅಂತ.

ಮನಸ್ವಿನಿ ಬಾಹ್ಯಾಕಾಶ ಕೇಂದ್ರದ ಬಸವರಾಜರ ಮಗಳು, ಒಸಡಿನ ಡಾಕ್ಟರು. ಧಾರವಾಡದ ಅಪ್ಪನ ಕನ್ನಡಕ್ಕೆ ಶಾಲೆಯ ಹಿಂದಿ, ಬೀದಿಯ ಗುಜರಾತಿ ಬೆರೆಸಿ ಮಾತಾಡುವವಳು. ಚಿಕ್ಕವಳಿದ್ದಾಗ ಪಟ್ಟಾಭಿರಾಮನ ಕೈಯಿಂದ ಎರಡೆರಡು ಸಲ ಪ್ರಸಾದ ಕಸಿದು ತಿಂದ ಹುಡುಗಿ. ಸೋಮವಾರ ರಜೆ ಹಾಕಿ ಅವನು ಹೋದದ್ದು ಹಲ್ಲಿನ ಕಾಳಜಿಗಲ್ಲ, ಅವಳು ಯಾರ ಹತ್ತಿರವಾದರೂ ಬಾಯಿಬಿಟ್ಟಾಳು ಅನ್ನುವ ಹೆದರಿಕೆಗೆ. ಅಹಮದಾಬಾದಿನ ಆಟೋಗಳ ಗದ್ದಲದ ರಸ್ತೆಯಲ್ಲಿ ಮೊದಲ ಮಹಡಿಯ ಕ್ಲಿನಿಕ್ಕು. ಅವಳು ಕುರ್ಚಿಯಲ್ಲಿ ಮಲಗಿಸಿ, ದೀಪ ಹಾಕಿ, ಸಣ್ಣ ಕಡ್ಡಿಯಿಂದ ಒಂದೊಂದು ಹಲ್ಲಿನ ಬುಡವನ್ನೂ ಅಳೆದಳು. ಅಳೆಯುತ್ತಾ ಅಳೆಯುತ್ತಾ ಅವಳ ಹುಬ್ಬು ಗಂಟಿಕ್ಕಿತು. ಬ್ರಷ್ ಯಾವುದು ಅಂತ ಕೇಳಿದಳು. ಇವನು ಬೆರಳು ತೋರಿಸಿದ. ಯಾಕೆ ಅಂದಾಗ ರಕ್ತ, ಮೈಲಿಗೆ, ಪೂಜೆ ಎಲ್ಲ ಹೇಳಲೇಬೇಕಾಯಿತು. ಅವಳು ನಗಲಿಲ್ಲ, ಬೈಯಲೂ ಇಲ್ಲ. ಬ್ರಷ್ ಮಾಡಿದ್ದಕ್ಕೆ ರಕ್ತ ಬಂದದ್ದಲ್ಲ ಅಂಕಲ್, ಒಸಡು ಆಗಲೇ ಹಣ್ಣಾಗಿತ್ತು, ಅದನ್ನ ತೊಳೀಲಾರದ್ದಕ್ಕ ಇಷ್ಟಾತು ಅಂತ ನಿಧಾನವಾಗಿ ತಿಳಿಸಿ ಹೇಳಿದಳು.

ಆಮೇಲೆ ಶುಗರ್ ಇದೆಯಾ, ಬಿಪಿ ಇದೆಯಾ, ಮಾತ್ರೆ ಏನೇನು ತಗೋತೀರಿ ಅಂತ ಶುರುಮಾಡಿದಳು. ಮಾತ್ರೆ ಅಂದ ಕೂಡಲೇ ಇವನ ಕಣ್ಣು ಗೋಡೆಯ ಕಡೆ ಹೋಯಿತು. ಅವಳಿಗೆ ಅಷ್ಟು ಸಾಕಾಯಿತು. ಹಾಸನದ ಕನ್ನಡದಲ್ಲಾಗಿದ್ದರೆ ಇದಕ್ಕೆ ಹೊದಿಸಲು ನೂರು ಮಾತಿವೆ. ಸಂಸಾರ ಸುಖ, ದಾಂಪತ್ಯ, ನಿಶ್ಶಕ್ತಿ, ಆ ವಿಷಯ, ಈ ವಿಷಯ. ಅವನ್ನೆಲ್ಲ ಮನಸ್ವಿನಿಗೆ ಯಾರೂ ಕಲಿಸಿರಲಿಲ್ಲ.

"ಅಂಕಲ್, ಸೆಕ್ಸ್‌ನಾಗ ತೊಂದ್ರೆ ಅದ ಏನು? ಪೂರಾ ಗಟ್ಟಿ ಆಗಂಗಿಲ್ಲ?"

ಪಟ್ಟಾಭಿರಾಮ ಕುರ್ಚಿಯಿಂದ ಎದ್ದೇಬಿಟ್ಟ. ಕೊರಳಿಗೆ ಕಟ್ಟಿದ್ದ ಕಾಗದದ ಬಟ್ಟೆಯ ಸಮೇತ ಬಾಗಿಲು ದಾಟಿ ಮೆಟ್ಟಿಲಿನವರೆಗೆ ಹೋದ. ಎತ್ತಿ ಆಡಿಸಿದ ಕೂಸು, ಇಂಥ ಮಾತು ಕೇಳುತ್ತಾಳಲ್ಲ ಅಂತ ಮೈಯೆಲ್ಲ ಉರಿಯಿತು. ಮೆಟ್ಟಿಲ ಮೇಲೆ ನಿಂತ. ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ, ಕಾಲಿಗೆ ಬಿದ್ದವರು ಎಷ್ಟೋ ಜನ. ಕಣ್ಣಲ್ಲಿ ನೀರು ಬಂತು. ವಾಪಸ್ಸು ಬಂದು ಕುರ್ಚಿಯಲ್ಲಿ ಕೂತು, ಅವಳ ಕಡೆ ನೋಡದೆ, "ಹೌದಮ್ಮ" ಅಂದ.

ಅವಳು ಕೈಗವಸು ತೆಗೆದು ಸ್ಟೂಲೆಳೆದು ಎದುರಿಗೆ ಕೂತಳು. ಒಸಡು ಇಷ್ಟು ಹಾಳಾದ ಗಂಡಸರಿಗೆಲ್ಲ ಇದನ್ನು ಕೇಳುತ್ತೇನೆ, ನಿಮಗೊಬ್ಬರಿಗೇ ಅಲ್ಲ ಅಂದಳು. ಆಮೇಲೆ ತನಗೆ ಬಂದ ಕನ್ನಡದಲ್ಲಿ ವಿವರಿಸಿದಳು. ಒಸಡಿನ ಸಂದಿಯಲ್ಲಿ ವರ್ಷಗಟ್ಟಲೆ ಸೋಂಕು ಕೂತರೆ ಅದು ಬಾಯಲ್ಲೇ ಉಳಿಯುವುದಿಲ್ಲ, ರಕ್ತಕ್ಕೂ ಹೋಗುತ್ತದೆ. ರಕ್ತನಾಳಗಳ ಒಳಮೈ ಅದರಿಂದ ಬಿರುಸಾಗುತ್ತದೆ, ಬೇಕಾದಾಗ ಹಿಗ್ಗಬೇಕಾದ ನಾಳ ಹಿಗ್ಗುವುದಿಲ್ಲ. ಗಂಡಸಿನ ಆ ಜಾಗದ ನಾಳಗಳು ಬಲು ಸಣ್ಣವು, ಅದಕ್ಕೆ ತೊಂದರೆ ಅಲ್ಲಿ ಮೊದಲು ಕಾಣುತ್ತದೆ, ಹೃದಯದಲ್ಲಿ ಆಮೇಲೆ. ಒಸಡಿನ ರೋಗ ಇದ್ದವರಲ್ಲಿ ಈ ತೊಂದರೆ ಹೆಚ್ಚು ಅಂತ ಅಧ್ಯಯನ ಮಾಡಿದವರು ಹೇಳಿದ್ದಾರೆ, ಒಸಡು ವಾಸಿಯಾದ ಮೇಲೆ ಕೆಲವರಿಗೆ ಇದೂ ಸುಧಾರಿಸಿದೆ.

"ಆದ್ರ ನಾ ಪ್ರಾಮಿಸ್ ಮಾಡಂಗಿಲ್ಲ ಅಂಕಲ್. ಹಲ್ಲು ಒಂದ ಕಾರಣ ಅಂತ ಇಲ್ಲ. ಶುಗರ್, ಬಿಪಿ, ಹಾರ್ಟ್ ಎಲ್ಲಾ ತೋರಿಸ್ಬೇಕು. ಟೆನ್ಶನ್ನೂ ಇರ್ತದ. ಅಂಗಡಿ ಟ್ಯಾಬ್ಲೆಟ್ ಬಂದ್." ಆಮೇಲೆ ತಡೆದು ಕೇಳಿದಳು, "ಆಂಟಿಗೆ ಗೊತ್ತದ ಏನು?"

ಗೊತ್ತಿಲ್ಲ, ವ್ರತ ಅಂತ ಹೇಳಿದ್ದೇನೆ ಅಂದ. ಮನಸ್ವಿನಿ ಸ್ಟೂಲಿನಿಂದ ಎದ್ದು ಕೈಗವಸು ಮತ್ತೆ ಹಾಕಿಕೊಂಡಳು. ಪಾಪ ಆಂಟಿ ಅಂದಳು, ಅಷ್ಟೇ. ಆ ಎರಡು ಮಾತು ಪಟ್ಟಾಭಿರಾಮನಿಗೆ ಡಾಕ್ಟರ ಕಡ್ಡಿಗಿಂತ ಆಳಕ್ಕೆ ಚುಚ್ಚಿತು. ಇಷ್ಟು ದಿನ ಪಾಪ ಅಂದರೆ ತಾನೊಬ್ಬನೇ ಅಂದುಕೊಂಡಿದ್ದ.

ಆವತ್ತೇ ಒಂದು ಬದಿಯ ಒಸಡನ್ನು ಒಳಗಿನಿಂದ ಕೆರೆದು ಸ್ವಚ್ಛ ಮಾಡಿದಳು. ಅರ್ಧ ಬಾಯಿ ಮರಗಟ್ಟಿಸಿಕೊಂಡು, ಹತ್ತಿ ಕಚ್ಚಿಕೊಂಡು, ಅವನು ವಡೋದರಾದ ರೈಲು ಹತ್ತಿದ. ಆನಂದ್ ಸ್ಟೇಷನ್ ದಾಟುವವರೆಗೆ ಗಿರಿಜಾಗೆ ಹೇಗೆ ಹೇಳುವುದು ಅಂತ ಮಾತು ಜೋಡಿಸಿದ. ವ್ರತದ ಸುಳ್ಳಿಗೆ ಬೇಕಾದಷ್ಟು ಮಾತು ಸಿಕ್ಕಿದ್ದವು, ನಿಜಕ್ಕೆ ಒಂದೂ ಸಿಗಲಿಲ್ಲ. ಕೊನೆಗೆ ಮನೆಯ ಬಾಗಿಲಲ್ಲೇ, ಚಪ್ಪಲಿ ಕೂಡ ಬಿಡದೆ, ಊದಿದ ತುಟಿಯಲ್ಲಿ ತೊದಲುತ್ತಾ ಹೇಳಿದ.

"ಗಿರಿಜಾ, ವ್ರತ ಅಲ್ಲ ಕಣೇ ಅದು. ನನ್ನ ಕೈಲಿ ಆಗ್ತಿರಲಿಲ್ಲ. ಹೇಳೋಕೆ ನಾಚಿಕೆ ಆಯ್ತು."

ಗಿರಿಜಾ ಅವನನ್ನೇ ನೋಡಿದಳು. ತುಟಿಯ ಅಂಚಿನಲ್ಲಿ ರಕ್ತದ ಕಲೆ ನೋಡಿದಳು. ಅಳುತ್ತಾಳೆ ಅಂದುಕೊಂಡಿದ್ದ, ಅವಳಿಗೆ ಬಂದದ್ದು ಸಿಟ್ಟು. ಅವನ ಜೇಬಿನಿಂದ ಲವಂಗದ ಡಬ್ಬಿ ಕಿತ್ತು ನೆಲಕ್ಕೆ ಬಡಿದಳು, ಲವಂಗವೆಲ್ಲ ಹಜಾರದ ತುಂಬ ಚೆಲ್ಲಿತು.

"ಗರ್ಭಕೋಶ ತೆಗೆಸಿದ ಮೇಲೆ ನಾನು ಹೆಂಗಸೇ ಅಲ್ಲ ಅಂತ ಬಿಟ್ರಿ ಅಂದ್ಕೊಂಡಿದ್ದೆ. ಎರಡು ವರ್ಷ ಕನ್ನಡಿ ನೋಡೋಕೆ ಹೇಸಿಗೆ ಪಟ್ಟಿದೀನಿ. ಜನ ಪುಣ್ಯವಂತೆ ಅಂದಾಗೆಲ್ಲ ಎಲ್ಲಾದ್ರೂ ಹೋಗಿ ಸಾಯ್ಬೇಕು ಅನ್ನಿಸೋದು. ನಿಮ್ಮ ನಾಚಿಕೆ ಮುಚ್ಕೊಳ್ಳೋಕೆ ನಂಗೆ ದೇವ್ರನ್ನ ಅಡ್ಡ ಇಟ್ರಲ್ರೀ."

ಪಟ್ಟಾಭಿರಾಮ ಬಾಗಿಲಲ್ಲೇ ಕುಸಿದು ಕೂತ. ವ್ರತ ಹಿಡಿದ ಏಕಾದಶಿಗೆ ಕೆಲವೇ ತಿಂಗಳ ಮುಂಚೆ ಗಿರಿಜಾಳ ಆಪರೇಷನ್ ಆಗಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದವನು ಅವನೇ, ಗಂಜಿ ಕುಡಿಸಿದವನೂ ಅವನೇ. ಅದಕ್ಕೂ ಇದಕ್ಕೂ ಅವಳು ಗಂಟು ಹಾಕಿಕೊಂಡಾಳು ಅಂತ ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ತನ್ನ ಅವಮಾನವನ್ನು ಕಾಯುವುದರಲ್ಲೇ ಮುಳುಗಿದ್ದವನಿಗೆ ಅವಳ ಮುಖ ನೋಡಲು ಪುರುಸೊತ್ತು ಎಲ್ಲಿತ್ತು? ತಪ್ಪಾಯ್ತು ಅಂದ. ಮತ್ತೆ ಮತ್ತೆ ಅದನ್ನೇ ಅಂದ.

ಅವಳು ಹಜಾರದ ಲವಂಗವನ್ನೆಲ್ಲ ಗುಡಿಸಿ ಎತ್ತಿದಳು. ಅವನಿಗೆ ತಣ್ಣಗಿನ ಮೊಸರನ್ನ ಮೆತ್ತಗೆ ಕಲಸಿ ಎದುರಿಗಿಟ್ಟು, ತಾನು ಉಣ್ಣದೆ ಮಲಗಿದಳು. ದೇವರ ಕೋಣೆಯ ಚಾಪೆಯ ಮೇಲೆ ಪಟ್ಟಾಭಿರಾಮನಿಗೆ ಕಣ್ಣು ಹತ್ತಲಿಲ್ಲ. ಹೇಳಿ ತಪ್ಪು ಮಾಡಿದೆನೋ ಏನೋ, ಇನ್ನು ದೀಪಾವಳಿಯವರೆಗೂ ಕಾಯುವುದಿಲ್ಲ ಅವಳು ಅನ್ನಿಸಿತು.

ಬೆಳಿಗ್ಗೆ ಬಚ್ಚಲಿಗೆ ಹೋದರೆ ಗಿರಿಜಾ ಆಗಲೇ ಎದ್ದು ಕಾಲೊನಿಯ ಅಂಗಡಿ ತೆರೆಸಿ ಬಂದಿದ್ದಳು. ಕೈಯಲ್ಲಿ ಹೊಸ ಬ್ರಷ್ಷು, ಮೆತ್ತನೆಯದು. ಅದಕ್ಕೆ ಪೇಸ್ಟು ಹಾಕಿ ಕೊಟ್ಟಳು. ಅವನು ನೋಯದ ಬದಿಯಲ್ಲಿ ಮೆಲ್ಲಗೆ ಉಜ್ಜಿದ. ನೊರೆ ಕೆಂಪಾಯಿತು. ಕೈ ನಿಂತಿತು. ಅವಳು ಬಾಗಿಲಿಗೆ ಒರಗಿ ನಿಂತು, "ನಿಲ್ಲಿಸಬೇಡಿ, ಒಳಗಡೆನೂ" ಅಂದಳು. ಕೆಂಪು ನೀರು ಸಿಂಕಿನಲ್ಲಿ ಇಳಿದು ಹೋಯಿತು. ಬಾಯಿ ಒರೆಸಿಕೊಳ್ಳಲು ಟವೆಲು ಕೊಡುತ್ತಾ ಅವಳು ಇನ್ನೊಂದು ಮಾತು ಹೇಳಿದಳು. ನಿಮ್ಮ ಬಾಯಿ ವಾಸನೆ ನನಗೆ ವರ್ಷಗಟ್ಟಲೆಯಿಂದ ಗೊತ್ತು, ಗಂಡನಿಗೆ ಹಾಗೆ ಹೇಳುವುದು ಹೇಗೆ ಅಂತ ಲವಂಗ ತುಂಬಿಸಿ ಕೊಟ್ಟೆ, ಮುಖ ಆಚೆ ತಿರುಗಿಸಿದೆ. ನೀನು ಮುಖ ತಿರುಗಿಸಿದ್ದನ್ನು ನಾನು ನೋಡಿದ್ದೆ, ನಾನು ನಿನಗೆ ಬೇಡವಾದೆ ಅಂದುಕೊಂಡೆ ಅಂದ ಅವನು. ಇಬ್ಬರೂ ಬಚ್ಚಲಿನಲ್ಲಿ ಪೆದ್ದುಪೆದ್ದಾಗಿ ನಿಂತುಕೊಂಡರು.

ಆಮೇಲಿನದು ದೊಡ್ಡ ಕಥೆಯೇನಲ್ಲ, ಚಿಕ್ಕ ಚಿಕ್ಕ ಕೆಲಸಗಳು. ವಡೋದರಾದ ಡಾಕ್ಟರು ರಕ್ತ ನೋಡಿ ಸಕ್ಕರೆ ಸ್ವಲ್ಪ ಏರಿದೆ ಅಂದರು, ಹೃದಯ ಸದ್ಯಕ್ಕೆ ಚೆನ್ನಾಗಿದೆ ಅಂದರು. ಸಕ್ಕರೆ ಏರಿದ್ದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹಿಡಿತಕ್ಕೆ ಬರುವುದಿಲ್ಲ, ಎರಡೂ ಒಂದರ ಕೈ ಒಂದು ಹಿಡಿದುಕೊಂಡಿವೆ ಅಂತ ಮನಸ್ವಿನಿ ಫೋನಿನಲ್ಲಿ ಹೇಳಿದಳು. ಪ್ರಸಾದದ ಸಜ್ಜಿಗೆ ಒಂದು ಚಮಚಕ್ಕಿಳಿಯಿತು. ಸಂಜೆ ರೈಲಿಳಿದ ಮೇಲೆ ಆಟೋ ಬಿಟ್ಟು ನಡೆಯತೊಡಗಿದ. ಪೂಜೆಗೆ ಕರೆದವರಿಗೆಲ್ಲ ಹಲ್ಲಿನ ಔಷಧಿ ನಡೀತಿದೆ, ಕೂರುವ ಹಾಗಿಲ್ಲ ಅಂದ. ಎಷ್ಟೋ ವರ್ಷಗಳ ಮೇಲೆ ಸಂಘದವರಿಗೆ ಅವನ ಬಾಯಿಂದ ಬಂದ ನೇರ ಮಾತು ಅದು. ಗಣೇಶ ಚೌತಿಯ ಹೊತ್ತಿಗೆ ಗಿರಿಜಾ ದೇವರ ಕೋಣೆಯ ಚಾಪೆ ಸುತ್ತಿ ಅಟ್ಟಕ್ಕೆ ಎಸೆದಳು. ಪಕ್ಕದಲ್ಲಿ ಮಲಗಿ, ಏನೂ ಆಗಬೇಕಾಗಿಲ್ಲ, ಸುಮ್ಮನೆ ಕೈ ಹಿಡ್ಕೊಳ್ಳಿ ಅಂದಳು. ಏನೂ ಆಗಬೇಕಾಗಿಲ್ಲ ಅಂದದ್ದೇ ದೊಡ್ಡ ಔಷಧಿಯಾಯಿತೋ, ಒಸಡು ಗಟ್ಟಿಯಾಗಿ ರಕ್ತ ತಿಳಿಯಾದದ್ದೋ, ನಡೆದಾಡಿದ್ದೋ, ಯಾವುದು ಅಂತ ಹೇಳುವುದು ಯಾರಿಂದಲೂ ಆಗದು. ದಸರಾ ಕಳೆದ ಮೇಲೆ ಕೆಲವು ಸಲ ದೇಹ ಮಾತು ಕೇಳಿತು, ಕೆಲವು ಸಲ ಕೇಳಲಿಲ್ಲ. ಕೇಳದ ದಿನ ಈಗ ಇಬ್ಬರೂ ನಗುತ್ತಿದ್ದರು. ಅಹಮದಾಬಾದಿನ ಎರಡು ಕೋಣೆಯ ಮನೆಯ ಮಾತು ಮಾತ್ರ ಗಿರಿಜಾ ಎತ್ತಲೂ ಇಲ್ಲ, ಬಿಟ್ಟೆ ಅನ್ನಲೂ ಇಲ್ಲ. ಕೇಳುವ ಧೈರ್ಯ ಪಟ್ಟಾಭಿರಾಮನಿಗೆ ಬರಲಿಲ್ಲ.

ದೀಪಾವಳಿ ಕಳೆಯಿತು, ಕಾರ್ತಿಕದ ಹುಣ್ಣಿಮೆ ಬಂತು. ನವರಂಗಪುರದ ಅದೇ ಹಾಲು, ಅದೇ ಜನ. ಹಿಂದಿನ ದಿನವೇ ಮನಸ್ವಿನಿ ಕೊನೆಯ ಸಲದ ಸ್ವಚ್ಛತೆ ಮುಗಿಸಿದ್ದಳು, ಆದ್ದರಿಂದ ಮಣೆಯ ಮೇಲೆ ಲಿಂಗರಾಜ ಅಂತ ಬ್ಯಾಂಕಿನ ಹುಡುಗ ಕೂತು ತಡವರಿಸುತ್ತಾ ಕಥೆ ಓದುತ್ತಿದ್ದ. ಶಂಖ ಊದುವುದಕ್ಕಂತೂ ಅವನಿಂದಾಗದು, ಮೊಬೈಲಿನಲ್ಲಿ ಹಾಕುತ್ತೇವೆ ಅಂತಿದ್ದರು. ಪಟ್ಟಾಭಿರಾಮ ಜನ್ಮದಲ್ಲಿ ಮೊದಲ ಸಲ ಆ ಹಾಲಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದ. ಬರಿಗೈಯಲ್ಲಿ ಕೂತರೆ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಬೆವರಿದ.

ಪ್ರೇಮಮ್ಮನಿಗೆ ತಡೆಯಲಾಗಲಿಲ್ಲ. ಮುಂದಿನ ಸಾಲಿನಿಂದ ಪೂರಾ ತಿರುಗಿ, ಇಡೀ ಮಹಿಳಾ ವಿಭಾಗಕ್ಕೆ ಕೇಳುವ ಹಾಗೆ, ಏನು ಪಟ್ಟಾಭಿ, ನೀನು ಮಣೆಯ ಮೇಲಿರದೆ ಹೀಗೆ ಸಂಸಾರಿಗಳ ಸಾಲಿನಲ್ಲಿ ಕೂತಿದ್ದೀಯಲ್ಲ, ನಿನ್ನ ವ್ರತ ಏನಾಯಿತು ಅಂತ ಕೇಳಿದಳು. ಹೆಂಗಸರೆಲ್ಲ ತಿರುಗಿದರು. ಪಟ್ಟಾಭಿರಾಮನ ಮುಖ ಬಿಳಿಚಿಕೊಂಡಿತು. ಹೇಳಬೇಕು, ಇನ್ನು ಮುಚ್ಚಿಡಬಾರದು ಅಂತ ಬಾಯಿ ತೆರೆದ. ಅಷ್ಟರಲ್ಲಿ ಗಿರಿಜಾ ಅವನ ತೊಡೆಯ ಮೇಲೆ ಕೈಯಿಟ್ಟಳು, ಎಲ್ಲರಿಗೂ ಕಾಣುವ ಹಾಗೆ. ಆಗ ಅವನು ನೋಡಿದ, ಅವಳ ಮುಡಿಯಲ್ಲಿ ಒಂದು ಮೊಳ ಮಲ್ಲಿಗೆಯಿತ್ತು.

"ಅವರ ವ್ರತನಾ ಪ್ರೇಮಮ್ಮ?" ಅಂದಳು ಗಿರಿಜಾ. "ನಾನೇ ಬಿಡಿಸಿದೆ. ಗಂಡನ್ನ ಬಿಟ್ಟಿರೋಕೆ ನನ್ನ ಕೈಲಿ ಆಗ್ಲಿಲ್ಲ."

ಪ್ರೇಮಮ್ಮ ಬಾಯಿಗೆ ಸೆರಗು ಹಿಡಿದು ಮುಂದಕ್ಕೆ ತಿರುಗಿದಳು. ಮೊಬೈಲಿನಲ್ಲಿ ಶಂಖ ಮೊಳಗಿತು, ಎಲ್ಲರೂ ಎದ್ದು ನಿಂತರು. ಪಟ್ಟಾಭಿರಾಮನಿಗೆ ಏಳಲಾಗಲಿಲ್ಲ. ಅವನು ಹೆಂಡತಿಯ ಕೈ ಹಿಡಿದುಕೊಂಡು ಕೂತೇ ಇದ್ದ.